ಶೆವಂತಿ ಎಂದು ಕೂಗುತ್ತಿದ್ದವರು

ಗೋಂದಿನ ವಾಸನೆ ಮೂಗಿಗೆ ಬಂದರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟು. ಮೊನ್ನೆ ಕಾರವಾರದಲ್ಲಿ ನಮ್ಮ ಪಿಂಚಣಿದಾರರ ಸಂಘದ ಸಭೆಗೆ ಹೋಗಿದ್ದೆ. ಸದಸ್ಯತ್ವ ನವೀಕರಣದ ಅರ್ಜಿಗೆ ಫೋಟೊ ಅಂಟಿಸಲು ಗೋಂದಿನ ಬಾಟಲಿ ತೆರೆದೆನೋ ಇಲ್ಲವೋ, ಹಳೆಯ ಕಾರ್ಯದರ್ಶಿ ಎದುರಿಗೇ ಬಂದು ನಿಂತ ಹಾಗಾಯಿತು. ಅವರ ಚೀಲದಲ್ಲಿ ಸದಾ ಒಂದು ಗೋಂದಿನ ಬಾಟಲಿ, ಅದು ಸದಾ ಸೋರುತ್ತಿತ್ತು. ಯಾರದೋ ಅರ್ಜಿಗೆ ಇನ್ಯಾರದೋ ಫೋಟೊ ಅಂಟಿಕೊಂಡು, ಅದನ್ನು ಬಿಡಿಸುವ ಕೆಲಸ ನಮ್ಮ ಜಗಲಿಯಲ್ಲೇ ಆಗಬೇಕು.

ನನ್ನ ಗಂಡ ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದವರು. ಕಾರ್ಯದರ್ಶಿ ಅವರ ಜತೆ ದುಡಿದವರು, ನನ್ನ ತವರೂರು ಅಂಕೋಲೆಯವರು. ನಿವೃತ್ತಿಯಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಬಾರದೇ? ಬಸ್ಸು ಹತ್ತಿ ನಮ್ಮೂರು ಅಮದಳ್ಳಿಯಲ್ಲಿಳಿದು, ನಾನು ಮೀನು ಸಾರಿಗೆ ಕಾಯಿ ರುಬ್ಬುವ ಹೊತ್ತಿಗೇ ಬಾಗಿಲಿಗೆ ಬಂದು ಕೂಗುತ್ತಿದ್ದರು.

“ಶೆವಂತೀ! ಬಾಗ್ಲ ತೆಗಿ ಮಾರಾಯ್ತಿ!”

ನನ್ನ ಅತ್ತೆ ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು. “ನಮ್ಮನೆಲಿ ಶೆವಂತಿ ಯಾರೂ ಇಲ್ಲ.”

ಅವರು ಹೇಳುವುದೂ ಸುಳ್ಳಲ್ಲ. ನಮ್ಮಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆದು ಸೊಸೆಗೆ ಹೊಸ ಹೆಸರಿಡುತ್ತಾರೆ. ತವರಿನ ಶೆವಂತಿ ಗಂಡನ ಮನೆಯಲ್ಲಿ ಸುಜಾತಾ ಆದೆ. ಗಂಡನ ಪಿಂಚಣಿ ಕಾಗದದಲ್ಲಿ ಸುಜಾತಾ. ಆಧಾರ್ ಮಾಡಿಸುವಾಗ ಕೈಯಲ್ಲಿದ್ದದ್ದು ಶಾಲೆಯ ದಾಖಲೆ, ಹಾಗಾಗಿ ಅಲ್ಲಿ ಶೆವಂತಿ. ಗಂಡನ ಜತೆಯವರೆಲ್ಲ ನನ್ನನ್ನು ಅತ್ತಿಗೆ ಎಂಬರ್ಥದಲ್ಲಿ ವೈನಿ ಎನ್ನುತ್ತಿದ್ದರು. ಕಾರ್ಯದರ್ಶಿಯೊಬ್ಬರಿಗೆ ಮಾತ್ರ ಆ ಹಳೆಯ ಹೆಸರೇ ಬೇಕು.

“ಇವ್ನು ಹೋದ್ಮೇಲೆ ಪಿಂಚಣಿ ಸುಜಾತಾಗೆ ಬರ್ತದೆ. ಬ್ಯಾಂಕಿಗೆ ಹೋಗಿ ನಿಲ್ಲೂದು ಶೆವಂತಿ. ಆ ಸುಜಾತಾನ ಎಲ್ಲಿಂದ ತರ್ತೆ ನೀನು?”

ಕಾರ್ಯದರ್ಶಿ ಹೀಗೆ ಕೇಳುವಾಗ ನನ್ನ ಗಂಡ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು! ಸಂಘಕ್ಕೆ ಸೇರಿದಲ್ಲಿಗೆ ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದ ಮನುಷ್ಯ, “ಮಾಡ್ವ, ಮಾಡ್ವ, ಎಂತಾ ಗಡಿಬಿಡಿ” ಎಂದರು. ಅತ್ತೆ ಮುಖ ಊದಿಸಿಕೊಂಡು ಎದ್ದು ಹೋದರು. ಇವರಲ್ಲಿ ಯಾರ ಮೇಲೆ ರೇಗಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ.

ಹಟದಲ್ಲಿ ಗೆದ್ದದ್ದು ಕಾರ್ಯದರ್ಶಿಯೇ. ನನ್ನನ್ನೂ ಗಂಡನನ್ನೂ ಹೊರಡಿಸಿಕೊಂಡು ಕಾರವಾರಕ್ಕೆ ಎಷ್ಟು ಸಲ ಓಡಾಡಿಸಿದರೋ... ನೋಟರಿಯ ಹತ್ತಿರ ಹೋದರೆ ಸಾಕ್ಷಿ ಬೇಕು. ಸಾಕ್ಷಿ ಕರೆತಂದರೆ ಫೋಟೊ ಹಳೆಯದು. ಹೊಸ ಫೋಟೊ ತೆಗೆಸಿಕೊಂಡು ಬಂದರೆ ಸಾಹೇಬರು ಊಟಕ್ಕೆ ಹೋಗಿದ್ದಾರೆ. ಜೀವಂತ ಹೆಂಗಸು ಎದುರಿಗೆ ಬೆವರುತ್ತ ಕೂತಿದ್ದರೆ ಸಾಲದು, ಎರಡು ಹೆಸರಿನವಳೂ ಒಬ್ಬಳೇ ಎಂದು ಕಾಗದ ಹೇಳಬೇಕು. ಒಂದು ದಿನ ತಾಳ್ಮೆ ತಪ್ಪಿ ಕೌಂಟರಿನಲ್ಲೇ ನಾನು ಜಗಳಕ್ಕೆ ನಿಂತೆ. ಕಾರ್ಯದರ್ಶಿ ನನ್ನನ್ನು ತಡೆಯಲಿಲ್ಲ.

“ಇವ್ರು ಇಬ್ರಲ್ಲ ಸಾಹೇಬ್ರೆ, ಒಬ್ಳೇ. ಬೈಸ್ಕಂಡು ಆಯ್ತಲ್ಲ, ಈಗಾದ್ರೂ ನಂಬಿ!”

ಸಾಹೇಬರೂ ನಕ್ಕುಬಿಟ್ಟರು. ಅಂತೂ ಪಿಂಚಣಿ ಕಾಗದದಲ್ಲಿ ‘ಸುಜಾತಾ ಯಾನೆ ಶೆವಂತಿ’ ಎಂದಾಯಿತು.

ಗಂಡ ಹೋದದ್ದು ಏನೂ ಸೂಚನೆ ಕೊಡದೆ. ಮನೆತುಂಬ ಜನ ಪಿಸುಗುಡುತ್ತಿರುವಾಗ ಕಾರ್ಯದರ್ಶಿ ಬಂದರು. ಸಾವಿನ ಮನೆ ಎಂದೂ ನೋಡದೆ ಬಾಗಿಲಲ್ಲಿ ನಿಂತು ಅದೇ ಗಂಟಲಿನಲ್ಲಿ “ಶೆವಂತೀ!” ಎಂದರು. ಗೋಡೆಗೆ ಮುಖ ಮಾಡಿ ಮಲಗಿದ್ದ ನಾನು ಎದ್ದು ಬಂದದ್ದು ಆ ಕೂಗಿಗೆ. ಆ ಹೊತ್ತಿಗೂ ಅವರ ಚೀಲದಲ್ಲಿ ಗೋಂದು, ಅರ್ಜಿ... ಬ್ಯಾಂಕಿನವರು ಮರುಮಾತಿಲ್ಲದೆ ಪಿಂಚಣಿ ನನ್ನ ಖಾತೆಗೆ ಹಾಕಿದರು. ಅದರಲ್ಲೇ ಇವತ್ತಿಗೂ ನನ್ನ ಊಟ, ಔಷಧ. ಮರುವರ್ಷದ ಮಳೆಗಾಲದಲ್ಲಿ ಕಾರ್ಯದರ್ಶಿಯೂ ಹೋದರು.

ಹೊಸ ಕಾರ್ಯದರ್ಶಿ ಒಳ್ಳೆಯವರೇ. ಮೆತ್ತಗೆ ಮಾತಾಡುತ್ತಾರೆ, ಬಾಟಲಿಯ ಮುಚ್ಚಳ ಸರಿಯಾಗಿ ಹಾಕುತ್ತಾರೆ. ಮೊನ್ನೆ ಸಭೆಯಲ್ಲಿ ಹಾಜರಿ ಕೂಗುತ್ತ “ಸುಜಾತಾ” ಎಂದಷ್ಟೇ ಓದಿ ಮುಂದಕ್ಕೆ ಹೋದರು.

“ಪೂರ್ತಿ ಓದಿ” ಎಂದೆ. ನನ್ನ ದನಿ ಜೋರಾಯಿತೇನೋ, ಎಲ್ಲರೂ ತಿರುಗಿದರು.

“ಎಂತಾ ಆಯ್ತು ವೈನಿ?”

“ಇನ್ನೊಂದು ಹೆಸ್ರು ಉಂಟಲ್ಲ ಅದ್ರಲ್ಲಿ. ಅದನ್ನೂ ಓದಿ.”

ಅವರು ಕನ್ನಡಕ ಸರಿಮಾಡಿಕೊಂಡು, “ಸುಜಾತಾ ಯಾನೆ ಶೆವಂತಿ” ಎಂದು ಓದಿದರು. ನಾನು ಕೈಯೆತ್ತಿದೆ. ಹಾಗೆ ಕರೆಯುತ್ತಿದ್ದವರು ಈಗ ತವರಿನಲ್ಲೂ ಯಾರೂ ಉಳಿದಿಲ್ಲ. ಬರುವ ವರ್ಷದ ಚಂದಾವನ್ನೂ ಅಲ್ಲೇ ಕಟ್ಟಿ ಬಂದೆ. ಕಾಗದ ನೋಡಿಯಾದರೂ ಸರಿ, ವರ್ಷಕ್ಕೊಮ್ಮೆ ಯಾರಾದರೂ ಕರೆಯಲಿ.