ಎಂತ ಪದಾರ್ಥ ಅಂತ ಕೇಳದ ಡಬ್ಬಿ

ಸುಮಾ, ನಿನ್ನಮ್ಮ ಅವತ್ತು ಅಡುಗೆಮನೆಯಲ್ಲಿ ತಲೆ ತಿರುಗಿ ಬಿದ್ದದ್ದು ಇಂಜೆಕ್ಷನ್ ಹೆಚ್ಚಾಗಿ ಅಲ್ಲ. ಉಣ್ಣದೆ ಬಿದ್ದರು. ಊಟ ಆಯ್ತಾ ಅಂತ ಕೇಳಬೇಕಾದವಳು ನಾನು. ಕೇಳಲಿಲ್ಲ. ಅಷ್ಟೇ ನಡೆದದ್ದು.

ಇಷ್ಟು ವರ್ಷ ಈ ಪರದೇಶದ ಗ್ರೀನ್‌ಫರ್ಡಿನಲ್ಲಿ ಯಾರ ಮನೆಯ ಹಬ್ಬದೂಟವಾದರೂ ನೀನು ನನ್ನನ್ನು ತೋರಿಸಿ, "ಚಿಕ್ಕಮ್ಮ ದಿನಾ ಅಮ್ಮಂಗೆ ಫೋನ್ ಮಾಡ್ತಿದ್ರು" ಅಂತ ಹೊಗಳುತ್ತೀ. ನಾನು ಪಾಯಸ ಉಣ್ಣುತ್ತಾ ಕೂರುತ್ತೇನೆ. ಪಾಯಸ ಚೆನ್ನಾಗೇ ಇರುತ್ತದೆ — ಅದೇ ತೊಂದರೆ.

ನೀನು ಹೇಳಿದ್ದು ಒಂದೇ ಕೆಲಸ. ನೀನು ಆಸ್ಪತ್ರೆ ಡ್ಯೂಟಿಯಲ್ಲಿರುವಾಗ, ಮಧ್ಯಾಹ್ನ ಪದ್ದಕ್ಕ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡ ಮೇಲೆ ಫೋನ್ ಮಾಡಿ ಉಣ್ಣಿಸಬೇಕು. ಮಾಡಿದೆ. ಆದರೆ ನಿನ್ನಮ್ಮನಿಗೆ "ಊಟ ಆಯ್ತಾ" ಅಂದರೆ ಸಾಕು — ಕುಂದಾಪುರದ ಮೀನುಪೇಟೆಯಿಂದ ಶುರುಮಾಡಿ, ಸತ್ತ ಅತ್ತೆಯನ್ನು ಎಬ್ಬಿಸಿ ಬೈದು... ಅಷ್ಟರಲ್ಲಿ ನನ್ನ ಧಾರಾವಾಹಿ ಮುಗಿದೇ ಹೋಗುತ್ತಿತ್ತು.

ಏನಾದರೂ ಮಾಡೇ ಅಂತ ಮೊಮ್ಮಗಳು ನಿಶಾಗೆ ಹೇಳಿದೆ. ಅವಳು ನನ್ನ ದನಿ ಹಿಡಿದು ಪದ್ದಕ್ಕನ ಮೊಬೈಲಿಗೆ ಹಾಕಿದಳು. ದಿನಾ ಊಟದ ಹೊತ್ತಿಗೆ ಆ ಡಬ್ಬಿ ನನ್ನ ದನಿಯಲ್ಲಿ "ಪದ್ದಕ್ಕಾ, ಊಟ ಆಯ್ತಾ?" ಅನ್ನುತ್ತದೆ. ಹಸಿರು ಗುಂಡಿ ಒತ್ತಿದರೆ ಉಂಡ ಹಾಗೆ. "ಈಸಿ, ಅಜ್ಜಿ!" ಅಂದಳು. ಮಗುವಿನ ತಪ್ಪಲ್ಲ. ಕೇಳಿ ಮಾಡಿಸಿಕೊಂಡವಳು ನಾನು.

ಅವರು ಬಿದ್ದ ದಿನ ನೀನು ಕೇಳಿದೆ, "ಫೋನ್ ಮಾಡಿದ್ರಲ್ಲ ಚಿಕ್ಕಮ್ಮ?"

"ಮಾಡಿದ್ದೆ" ಅಂದೆ.

"ನರ್ಸ್ ಆಗಿ ನಾನೇ ಡೋಸ್ ತಪ್ಪು ಹೇಳಿಕೊಟ್ಟೆನೇನೋ" ಅಂತ ನೀನು ಕಣ್ಣೀರು ಹಾಕಿದೆ. ನಾನು ಚಹಾ ಮಾಡಿಕೊಟ್ಟೆ. ಚಹಾ! ಬಾಯಿ ಮಾತ್ರ ಬಿಡಲಿಲ್ಲ.

ಸಂಜೆ ನೀನು ಮಾತ್ರೆ ತರಲು ಹೋದಾಗ ಪದ್ದಕ್ಕ ಮಲಗಿದಲ್ಲೇ ನಕ್ಕರು.

"ಅದು ನೀನಲ್ಲ ಅಂತ ಮೊದಲ ದಿನವೇ ಗೊತ್ತಾಯ್ತು ಮಾರಾಯ್ತಿ. ನೀನು ಒಂದು ಸಲ ಕೇಳಿ ಬಿಡುವ ಹೆಂಗ್ಸಾ? ಆಯ್ತು ಅಂದ್ರೆ 'ಎಂತ ಪದಾರ್ಥ?' ಅಂತಿ. ಸಾರು ಅಂದ್ರೆ 'ನಿನ್ನೆದಾ, ಇವತ್ತಿನದಾ?' ಅಂತಿ. ಪೊಲೀಸರ ಹಾಗೆ. ಆ ಡಬ್ಬಿ ಪಾಪದ್ದು. ಗುಂಡಿ ಒತ್ತಿದ್ರೆ ನಂಬ್ತದೆ."

"ಗೊತ್ತಿದ್ದೂ ಯಾಕೆ ಉಣ್ಲಿಲ್ಲ?"

"ಎಂತ ಪದಾರ್ಥ ಅಂತ ಕೇಳೂಕೆ ಜನ ಇಲ್ಲ. ಮತ್ತೆ ಪದಾರ್ಥ ಮಾಡೂದು ಯಾರಿಗೆ?" ಹೊದಿಕೆ ಎಳೆದುಕೊಂಡು ಹೇಳಿದರು, "ಸುಮಂಗೆ ಹೇಳ್ಬೇಡ. ನಿನ್ನ ಮರ್ಯಾದೆ ಹೋಗ್ತದೆ."

ಬಿದ್ದವರು ಅವರು, ನನ್ನ ಮರ್ಯಾದೆ ಕಾಯ್ದವರೂ ಅವರೇ. ನಾನು ಕಾಯಿಸಿಕೊಂಡೆ — ಇವತ್ತಿನವರೆಗೆ. ನಿನ್ನ ಡೋಸ್ ಸರಿಯಾಗೇ ಇತ್ತು, ಸುಮಾ.

ಮರುದಿನ ಬೆಳಿಗ್ಗೆ ಲಿಫ್ಟ್ ಎಂದಿನಂತೆ ಕೆಟ್ಟಿತ್ತು. ಮೆಟ್ಟಿಲು ಹತ್ತಿ ನಿಮ್ಮ ಫ್ಲಾಟಿಗೆ ಬಂದೆ. ಮೊಬೈಲ್ ಎತ್ತಿ ಬೀರುವಿನೊಳಗೆ ಇಟ್ಟೆ. ತಂದಿದ್ದ ನುಗ್ಗೆಕಾಯಿ ಮೇಜಿನ ಮೇಲೆ ಹಾಕಿ, ಕುರ್ಚಿ ಎಳೆದು ಕೂತು ಕೇಳಿದೆ:

"ಪದ್ದಕ್ಕಾ, ಇವತ್ತು ಎಂತ ಪದಾರ್ಥ?"