ಯಾರಿಗೂ ಹೇಳದೆ ಬರೆದ ಪರೀಕ್ಷೆ

ಹೋದ ತಿಂಗಳು ಒಂದು ಶನಿವಾರ ಬೆಳಗ್ಗೆ, ಪಾರ್ಕಿಂಗ್ ಲಾಟಿನಲ್ಲಿ ನನ್ನ ಆಪ್ತ ಗೆಳತಿಯನ್ನು ಕಂಡವಳೇ ನಾನು ಕಾರಿನ ಸೀಟಿನಲ್ಲಿ ಕುಗ್ಗಿ ಕೂತೆ. ಎದುರಿನ ಕಾರಿನಲ್ಲಿ ಅವಳೂ ಹಾಗೇ ಕುಗ್ಗಿ ಕೂತಿದ್ದಳು.

ಗೆಳತಿಯ ಹೆಸರು ಶಬಾನಾ. ಮೈಸೂರಿನವಳು. ಇಲ್ಲಿ, ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ ಅವಳ ಮನೆ. ನಮ್ಮಲ್ಲಿ ಕೊತ್ತಂಬರಿ ಸೊಪ್ಪು ಮುಗಿದರೂ ಅವಳಿಗೆ ಗೊತ್ತಾಗುತ್ತದೆ. ಅಂಥವಳಿಗೆ ಹಿಂದಿನ ದಿನ ಫೋನಿನಲ್ಲಿ ಏನು ಹೇಳಿದ್ದೆ? "ನಾಳೆ ಗಿಲ್‌ರಾಯ್‌ಗೆ ಹೋಗ್ತಿದೀವಿ ಕಣ್ರೀ, ಔಟ್‌ಲೆಟ್‌ನಲ್ಲಿ ಸೇಲು." ಅದಕ್ಕೆ ಅವಳು, "ನಮ್ಮನೇಲಿ ಗೆಸ್ಟ್ ಬರ್ತಿದಾರೆ, ಅಲ್ಲಾಡೋಕಾಗಲ್ಲ" ಅಂದಿದ್ದಳು.

ಈಗ ಇಬ್ಬರೂ ಇದ್ದದ್ದು ಗಿಲ್‌ರಾಯ್ ದಾಟಿ ಮುಂದೆ ಸಿಗುವ ಊರಿನ ಪರೀಕ್ಷಾ ಕೇಂದ್ರದ ಎದುರು.

ವಿಷಯ ಇಷ್ಟೇ. ನನ್ನ ಮಗಳು ನಿಧಿ ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಎರಡನೇ ಸಲ ಕೂರುತ್ತಿದ್ದಳು. ಮೊದಲ ಸಲ ಫಿಸಿಕ್ಸು, ಕೆಮಿಸ್ಟ್ರಿ ಎಲ್ಲ ಸಲೀಸಾಗಿ ಮುಗಿಸಿದ್ದಳು. ಕೈಕೊಟ್ಟದ್ದು ಕೊನೆಯ ಭಾಗ: ಮನಸ್ಸು, ಸಮಾಜ, ಮನುಷ್ಯರ ನಡವಳಿಕೆ. (ಅದೇ ನಡವಳಿಕೆಯ ಬಗ್ಗೆ ವಾರವಾರ ಈ ಅಂಕಣದಲ್ಲಿ ನಿಮಗೆ ಕೊರೆಯುವವಳ ಮಗಳು. ನಗಬೇಡಿ.) "ಈ ಸಲಾನೂ ಆಗ್ಲಿಲ್ಲ ಅಂದ್ರೆ ಐಯಾಮ್ ಡನ್, ಅಮ್ಮ" ಅಂದಿದ್ದಳು. ಚಿಕ್ಕಂದಿನಿಂದ ಡಾಕ್ಟರ್ ಆಗುತ್ತೇನೆ ಎನ್ನುತ್ತಿದ್ದ ಹುಡುಗಿ. ನನಗೆ ಊಟ ಸೇರುತ್ತಿರಲಿಲ್ಲ.

ಯಾರಿಗೂ ಹೇಳಬಾರದು ಎಂಬ ಕಾನೂನು ನನ್ನದೇ. ದೃಷ್ಟಿ ತಾಗುತ್ತದೆ ಎನ್ನುವುದು ಬಾಯಿಮಾತಿನ ಕಾರಣ. ಒಳಗಿದ್ದದ್ದು, ನಾಲ್ಕು ಜನ ಏನೆಂದುಕೊಂಡಾರು? ಎಲ್ಲರ ಮಕ್ಕಳೂ ಒಂದೇ ಏಟಿಗೆ ದಾಟುವಾಗ ನಮ್ಮ ಮಗಳು ಮಾತ್ರ ಎಡವಿದಳಲ್ಲ? ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಒಂದು ಸ್ಟಡಿ ಗ್ರೂಪು ಸೇರುತ್ತೇನೆಂದು ಅವಳು ಕೇಳಿದ್ದಳು. ಬೇಡವೆಂದೆ. ಶಬಾನಾಳ ಮಗ ರೆಹಾನ್ ಅಲ್ಲೇ ಓದುತ್ತಾನೆ. ಅವನಿಗೆ ಗೊತ್ತಾದರೆ ಅವರಮ್ಮನಿಗೆ ಗೊತ್ತಾದ ಹಾಗೆ.

ಹಾಗಾಗಿ ನಮ್ಮ ಅಡುಗೆಮನೆಯೇ ಸ್ಟಡಿ ಗ್ರೂಪು, ನಾನೊಬ್ಬಳೇ ಮೆಂಬರು.

"ಇದೆಲ್ಲ ಕಾಮನ್ ಸೆನ್ಸ್ ತಾನೇ?" ಎಂದೆ ಒಂದು ದಿನ, ಚಪಾತಿ ಲಟ್ಟಿಸುತ್ತ.

"ಓಕೆ. ಕ್ಲಾಸಲ್ಲಿ ಯಾರಿಗೂ ಪಾಠ ಅರ್ಥ ಆಗಿಲ್ಲ. ಬಟ್ ನೋಬಡಿ ಕೈ ಎತ್ತಲ್ಲ. ಬೇರೆಯವ್ರಿಗೆಲ್ಲ ಅರ್ಥ ಆಗಿದೆ, ನಂಗೆ ಮಾತ್ರ ಇಲ್ಲ ಅಂತ ಎವ್ರಿಬಡಿ ಅಂದ್ಕೊಂಡಿದಾರೆ. ಇದಕ್ಕೆ ಏನಂತಾರೆ?"

"ನಾಚಿಕೆ."

"ನೋ, ಅಮ್ಮ." ಉತ್ತರ ಅವಳಿಗೂ ತಕ್ಷಣ ಹೊಳೆಯಲಿಲ್ಲ. ಪುಸ್ತಕ ತಿರುವಿ ಹಾಕಿ ಹೇಳಿದಳು, "ಪ್ಲೂರಲಿಸ್ಟಿಕ್ ಇಗ್ನೊರೆನ್ಸ್. ಇಂಥ ಹೆಸರೇ ನೆನಪಿರಲ್ಲ ನಂಗೆ. ಒಂದು ರಿಯಲ್ ಎಕ್ಸಾಂಪಲ್ ಇದ್ದಿದ್ರೆ..."

ಉದಾಹರಣೆ ನನಗೂ ಹೊಳೆಯಲಿಲ್ಲ.

ಈಗ ಮತ್ತೆ ಪಾರ್ಕಿಂಗ್ ಲಾಟಿಗೆ ಬನ್ನಿ. ಎದುರಿನ ಕಾರಿನ ಬಾಗಿಲು ತೆರೆಯಿತು. ರೆಹಾನ್ ಇಳಿದ. ಈ ಕಡೆಯಿಂದ ನಿಧಿ ಇಳಿದಳು. ಇಬ್ಬರೂ ಒಂದು ಕ್ಷಣ ನಿಂತಲ್ಲೇ ನಿಂತರು.

"ನೀನೂನಾ?" ಅಂದ ರೆಹಾನ್.

"ಸೆಕೆಂಡ್ ಟೈಮ್."

"ಮೀ ಟೂ. ಫಿಸಿಕ್ಸ್ ನನ್ನ ಕೊಂದುಬಿಡ್ತು. ನಿಂಗೆ?"

"ಸೈಕಾಲಜಿ, ಸೋಶಿಯಾಲಜಿ."

"ಸೀರಿಯಸ್ಲಿ? ಸೋಶಿಯಾಲಜಿ ನನ್ನ ಮೇಜರ್ರು."

ಅವನಿಗೆ ಫಿಸಿಕ್ಸ್ ಹೇಳಿಕೊಡಬಲ್ಲವಳು ಹಿಂದಿನ ಬೀದಿಯಲ್ಲಿ, ಇವಳಿಗೆ ಸಮಾಜಶಾಸ್ತ್ರ ಹೇಳಿಕೊಡಬಲ್ಲವನು ವಾರಕ್ಕೊಮ್ಮೆ ಬರ್ಕ್ಲಿಯಿಂದ ತನ್ನ ಮನೆಗೆ ಬರುತ್ತಿದ್ದವನು. ಇಬ್ಬರೂ ಬೇರೆ ಬೇರೆ ಗೋಡೆ ನೋಡಿಕೊಂಡು ಓದಿದ್ದರು. ಹತ್ತಿರದ ಸೆಂಟರಿನಲ್ಲಿ ಯಾರಾದರೂ ಕಂಡಾರು ಎಂದು ನಾವು ತಾಯಂದಿರು ಇಷ್ಟು ದೂರ ಬುಕ್ ಮಾಡಿಸಿದ್ದೆವು.

ಶಬಾನಾ ಗ್ಲಾಸು ಇಳಿಸಿದಳು. "ಸೇಲು ಹೆಂಗಿದೆ ರೀ?"

"ಜೋರಾಗಿದೆ. ನಿಮ್ ಗೆಸ್ಟ್‌ಗಳು ತಿಂಡಿ ತಿಂದ್ರಾ?"

ಒಳಗೆ ಹೋಗುವ ಮುನ್ನ ನಿಧಿ ನನ್ನ ಕಿಟಕಿಗೆ ಬಗ್ಗಿದಳು. "ಅಮ್ಮ, ಪ್ಲೂರಲಿಸ್ಟಿಕ್ ಇಗ್ನೊರೆನ್ಸ್. ಎಕ್ಸಾಂಪಲ್ ಸಿಕ್ತು. ಇನ್ನು ಮರೆಯಲ್ಲ." ನಗುತ್ತ ಹೋದಳು. ಆ ನಗು ನೋಡಿ ಎಷ್ಟೋ ತಿಂಗಳಾಗಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಅದು ಇಡೀ ದಿನದ ಪರೀಕ್ಷೆ. ನಾವಿಬ್ಬರೂ ಏನು ಮಾಡುವುದು? ನಿಜವಾಗಿಯೂ ಗಿಲ್‌ರಾಯ್ ಔಟ್‌ಲೆಟ್‌ಗೆ ಹೋದೆವು. (ಸೇಲು ಇರಲಿಲ್ಲ. ಕಾಲುಚೀಲ ಕೊಂಡೆವು.) ಕಾಫಿ ಕುಡಿಯುತ್ತ ಶಬಾನಾ ಹೇಳಿದಳು, "ರೆಹಾನ್ ನಮ್ಮ ಹತ್ರ ಸರಿಯಾಗಿ ಮಾತೇ ಆಡ್ತಿರ್ಲಿಲ್ಲ ರೀ. ನಿಧಿ ಜಾಣೆ, ಒಂದೇ ಸಲಕ್ಕೆ ಮುಗಿಸಿರ್ತಾಳೆ, ನಿಮ್ಮ ಮುಂದೆ ಹೆಂಗ್ ಹೇಳೋದು ಅಂತ ನಾನೂ ಸುಮ್ಮನಿದ್ದೆ."

ರೆಹಾನ್ ಬಗ್ಗೆ ನಾನು ಅಂದುಕೊಂಡಿದ್ದೂ ಅಕ್ಷರಶಃ ಇದನ್ನೇ. ಅವಳ ಕೈ ಹಿಡಿದುಕೊಂಡೆ.

ಸಂಜೆ ಮಕ್ಕಳಿಬ್ಬರೂ ವಾದ ಮಾಡುತ್ತ ಜೊತೆಗೇ ಹೊರಬಂದರು. "ಆ ಪ್ರಶ್ನೆ ಬಂತಾ?" ಎಂದೆ. ಹೇಳುವಂತಿಲ್ಲವಂತೆ, ಒಪ್ಪಿ ಸಹಿ ಹಾಕಿದ್ದಾರಂತೆ. ಕೊನೆಗೂ ಗುಟ್ಟು ಇಡಲೇಬೇಕಾದ ಒಂದು ವಿಷಯ ಸಿಕ್ಕಿತು.

ಮೊನ್ನೆ ರಿಸಲ್ಟು ಬಂತು. ಇಬ್ಬರದೂ ಚೆನ್ನಾಗಿದೆ. ನಿಧಿಯದು ಕೊನೆಯ ಭಾಗದಲ್ಲೇ ಎಲ್ಲಕ್ಕಿಂತ ಹೆಚ್ಚು. ನಾನು ಸ್ಟವ್ ಆರಿಸಿ ಅಲ್ಲೇ ಕೂತು ಸಮಾಧಾನವಾಗುವಷ್ಟು ಅತ್ತೆ. (ಸ್ಕೋರು ಎಷ್ಟು ಅಂತ ಮಾತ್ರ ಕೇಳಬೇಡಿ. ದೃಷ್ಟಿ. ಹುಟ್ಟುಗುಣ ಸುಟ್ಟರೂ ಹೋಗದು.)

ಮನೆಮನೆಯಿಂದ ಅಡುಗೆ ತಂದು ಉಣ್ಣುವ ಭಾನುವಾರದ ಪಾಟ್‌ಲಕ್ಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ: ನಿಧಿ ಬರೆದದ್ದು ಎರಡನೇ ಸಲ, ಮೊದಲ ಸಲ ಆಗಿರಲಿಲ್ಲ. ಯಾರೂ ಏನೂ ಅಂದುಕೊಂಡಂತೆ ಕಾಣಲಿಲ್ಲ. ಬಿಸಿಬೇಳೆ ಬಾತಿನ ಪಾತ್ರೆ ತೊಳೆಯುವಾಗ ಮಾತ್ರ ಒಬ್ಬರು ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡಿ ರೀ. ನಮ್ಮ ಮಗಳು ಮೂರನೇ ಸಲ ಬರೀತಿದಾಳೆ."

ಅಂದ ಹಾಗೆ, ಈ ಶನಿವಾರ ನೀವು ಎಲ್ಲಿಗೆ ಶಾಪಿಂಗು?