ಬೆಂಕಿಪೊಟ್ಟಣದಲ್ಲಿ ಒಂದು ದವಡೆ ಹಲ್ಲು

ಭಾಲ್ಕಿಯ ಹಲ್ಲಿನ ಡಾಕ್ಟರು ಇಕ್ಕಳ ಕೆಳಗಿಟ್ಟು, ನನ್ನ ಬಾಯೊಳಗೆ ಇನ್ನೊಮ್ಮೆ ಬೆಳಕು ಬಿಟ್ಟು ನೋಡಿದರು.

"ನೋಡ್ರಿ, ಈ ಹಲ್ಲಿನಾಗ ಹುಳುಕಿಲ್ಲ, ಬಿರುಕಿಲ್ಲ. ನೋವಿನ ಗುಳಿಗಿ ಕೊಡ್ತೇನಿ. ನಾಕು ದಿನ ತಡೀರಿ."

"ಸಾಹೇಬ್ರ, ಹಲ್ಲ ನಿಮ್ದೋ ನಂದೋ?" ಎಂದೆ. "ಕಿತ್ತು ಒಗೀರಿ. ಬಾಕಿ ಹಲ್ಲ ನೋಡಿ ಬುದ್ಧಿ ಕಲೀಲಿ."

ನಮ್ಮ ಮನೆಯಲ್ಲಿ ಹಲ್ಲುನೋವಿಗೆ ಇರುವ ಮದ್ದು ಎರಡೇ. ಮೊದಲು ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ಒಸಡಿಗೆ ಒತ್ತಿ ಉಜ್ಜುವುದು. ಅದಕ್ಕೂ ಬಗ್ಗದಿದ್ದರೆ ಕೀಳಿಸುವುದು. ನಾನು ಅರ್ಧ ಡಬ್ಬಿ ಮಿಶ್ರಿ ಉಜ್ಜಿ, ತಲೆ ತಿರುಗಿ, ವೈನಿಯ ತವರುಮನೆಯ ಅಂಗಳದಲ್ಲಿ ಎಮ್ಮೆಯ ಮುಂದೆ ಸಾಷ್ಟಾಂಗ ಬಿದ್ದಿದ್ದೆ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತ್ತು. ವೈನಿ ಎಂದರೆ ಅಣ್ಣನ ಹೆಂಡತಿ; ಅವಳನ್ನು ತವರಾದ ಸಾಯಗಾಂವಕ್ಕೆ ಬಿಟ್ಟುಬರಲು ಹೋದವನು ನಾನು. ಕೊನೆಗೆ ಅವಳೇ ನನ್ನನ್ನು ಭಾಲ್ಕಿಗೆ ಎಳೆದುಕೊಂಡು ಬರಬೇಕಾಯಿತು.

ನನಗೆ ಅವಸರವಿತ್ತು. ಊರು ಔರಾದ ಕಡೆಯದಾದರೂ, ಮನೆತನ ಕುರಿ ಕಾಯುವುದಾದರೂ, ನನ್ನ ಅನ್ನ ಇರುವುದು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ. ಅಲ್ಲೊಂದು ಅಡತಿ ಅಂಗಡಿಯಲ್ಲಿ, ಅಂದರೆ ದಲಾಲರ ಅಂಗಡಿಯಲ್ಲಿ, ತೊಗರಿ, ಕಡಲೆ ರಾಶಿಗಳ ಮುಂದೆ ನಿಂತು ಹರಾಜಿನ ಸವಾಲು ಕೂಗುತ್ತೇನೆ. ಗಂಟಲು, ನಾಲಿಗೆ, ಮುಖ ಇವಿಷ್ಟೇ ನನ್ನ ಬಂಡವಾಳ. ಬೆಲೆ ಏರದಿದ್ದಾಗ ಹುಬ್ಬು ಏರಿಸುತ್ತೇನೆ, ವ್ಯಾಪಾರಿ ಜಿಪುಣನಾದರೆ ಅವನ ಹಾಗೇ ಬಾಯಿ ಸೊಟ್ಟ ಮಾಡಿ ತೋರಿಸುತ್ತೇನೆ. ಮೂಟೆ ಹೊರುವ ಹಮ್ಮಾಲರು ನಗುತ್ತಾರೆ, ವ್ಯಾಪಾರಿ ನಾಚಿ ಇನ್ನೊಂದು ಮಾತು ಏರಿಸುತ್ತಾನೆ. ದವಡೆ ಹಿಡಿದುಕೊಂಡು ಈ ಕೆಲಸ ಆಗುವುದಿಲ್ಲ.

ಕೊನೆಗೆ ಡಾಕ್ಟರು ನನ್ನ ಹಟಕ್ಕೆ ಸೋತು, ನನ್ನ ಕೈಯಿಂದಲೇ ಒಪ್ಪಿಗೆ ಬರೆಸಿಕೊಂಡು ಕಿತ್ತರು. ಬಲಗಡೆಯ ಕೆಳದವಡೆ ಹಲ್ಲು. ನಾನು ಅದನ್ನು ಕೇಳಿ ಪಡೆದು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡೆ. ಗಂಜಿನಲ್ಲಿ ಅದನ್ನೇ ಸವಾಲಿಗಿಟ್ಟು ಎಲ್ಲರನ್ನೂ ನಗಿಸಬೇಕೆಂಬುದು ನನ್ನ ಲೆಕ್ಕ.

ಮರುದಿನ ಬೆಳಿಗ್ಗೆ ಅದರ ಪಕ್ಕದ ಹಲ್ಲು ನೋಯತೊಡಗಿತು.

"ತಪ್ಪು ಹಲ್ಲ ಕಿತ್ತ್ಯಾರ, ವೈನಿ!" ಎಂದು ನಾನು ಕೂಗಿದೆ.

"ಅವ್ರು ಬ್ಯಾಡ ಅಂದಿದ್ರು. ನೀನೇ ಬಾಯಿ ತೆಕ್ಕೊಂಡು ಕುಂತಿದ್ದಿ," ಎಂದಳು ವೈನಿ. "ಇನ್ನ ಭಾಲ್ಕಿ ಬ್ಯಾಡ. ನಡಿ ಬೀದರಿಗಿ."

ಬಸ್ಸಿನಲ್ಲಿ ನೋವು ಹಲ್ಲಿನಿಂದ ಕಿವಿಗೆ, ಕಿವಿಯಿಂದ ಕತ್ತಿಗೆ ಅಡ್ಡಾಡುತ್ತಿತ್ತು. ಜ್ವರ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಕಿಟಕಿಯ ಗಾಳಿಗೆ ಬಲಗಣ್ಣಲ್ಲಿ ನೀರು ಸುರಿಯುತ್ತಿತ್ತು. ಪಕ್ಕದ ಮುದುಕಪ್ಪ ನಾನು ಅಳುತ್ತಿದ್ದೇನೆಂದು ತಿಳಿದು ಶೇಂಗಾ ಕೊಟ್ಟ. ನಾನು ಜೋಕು ಹೇಳಿ ಅವನನ್ನು ನಗಿಸಲು ಹೋದೆ. ಅವನು ನಗದೆ ನನ್ನ ಬಾಯನ್ನೇ ನೋಡಿದ. ಜೋಕು ಹಳೆಯದಾಯಿತೆಂದುಕೊಂಡೆ.

ಬೀದರಿನ ಹಲ್ಲಿನ ಡಾಕ್ಟರು ಹೆಣ್ಣುಮಗಳು, ಕಡಿಮೆ ಮಾತಿನವರು. ನಾನು ಕುರ್ಚಿಗೆ ಏರುವ ಮೊದಲೇ ಬೆಂಕಿಪೊಟ್ಟಣ ತೆರೆದು ಅವರ ಮುಂದಿಟ್ಟೆ. "ಇದು ತಮ್ಮ ಹಲ್ಲರಿ ಮೇಡಮ್ನೋರ. ಇದರ ಅಣ್ಣ ಇನ್ನಾ ಒಳಗ ಅದಾನ. ಅವನ್ನೂ ಬಿಡಿಸಿಬಿಡ್ರಿ."

ಅವರು ಆ ಹಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಗಲಿಲ್ಲ.

"ಇದು ಛಲೋ ಹಲ್ಲ ಅದ," ಎಂದರು.

ನಾನು ಹಲ್ಲನ್ನು ಮತ್ತೆ ಪೊಟ್ಟಣಕ್ಕೆ ಹಾಕಿ ಕುರ್ಚಿ ಏರಿದೆ. ಅವರು ಎಕ್ಸ್‌ರೇ ತೆಗೆದರು. ಆಮೇಲೆ ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಬಡಿದರು. ಇದಕ್ಕೆ ನೋವೆಂದೆ. ಮತ್ತೆ ಬಡಿದಾಗ ಅದಕ್ಕಲ್ಲ, ಇದಕ್ಕೆಂದೆ. ಕೊನೆಗೆ ಅವರು ಏನನ್ನೂ ಮುಟ್ಟದೆ ಸುಮ್ಮನೆ ನಿಂತಿದ್ದಾಗಲೂ "ಅಯ್ಯಯ್ಯೋ" ಎಂದೆ.

"ನಿಮ್ಮ ಹಲ್ಲಿಗಿ ಏನೂ ಆಗಿಲ್ಲ. ನೋವು ಬ್ಯಾರೆ ಕಡಿಂದ ಬರ್ಲತ್ತದ. ನಾ ಕೀಳಂಗಿಲ್ಲ."

"ಒಂದಾ ಒಂದು, ಮೇಡಮ್ನೋರ! ಕೈ ಮುಗೀತೇನಿ!"

"ಒಂದು ಕಿತ್ತರ ನಾಳಿ ಅದರ ಬಾಜೂದು ಅಂತೀರಿ. ಹಿಂಗಾ ಮಾಡ್ಕೋತ ಹೋದ್ರ ಬಾಯಾಗ ಏನ್ ಉಳೀತದ?" ಎಂದು ನನ್ನ ಮುಖ ಹತ್ತಿರದಿಂದ ನೋಡಿದರು. "ಸ್ವಲ್ಪ ನಗ್ರಿ ನೋಡೋಣು."

ಜೀವಮಾನದಲ್ಲಿ ನನಗೆ ನಗು ಎಂದು ಯಾರೂ ಹೇಳಬೇಕಾಗಿ ಬಂದಿರಲಿಲ್ಲ. ಹಲ್ಲು ಕಿರಿದೆ. ಅವರು ಕನ್ನಡಿ ನನ್ನ ಕೈಗೆ ಕೊಟ್ಟರು. ಎಡಗಡೆ ನಾನು ನಗುತ್ತಿದ್ದೆ. ಬಲಗಡೆ ಯಾರೋ ಬೇರೆಯವನು ಸುಮ್ಮನೆ ಕುಳಿತಿದ್ದ. ಕಣ್ಣು ಮುಚ್ಚಿದೆ, ಎಡಗಣ್ಣು ಮುಚ್ಚಿತು, ಬಲಗಣ್ಣು ಕನ್ನಡಿಯಲ್ಲಿ ನನ್ನನ್ನು ನೋಡುತ್ತಲೇ ಇತ್ತು.

ವೈನಿ ಬಾಯಿಗೆ ಸೆರಗು ಒತ್ತಿಕೊಂಡಳು. "ಲಕ್ವಾ?" ಎಂದಳು.

ಡಾಕ್ಟರು ಚೀಟಿ ಬರೆದು, ಈಗಲೇ ದೊಡ್ಡ ದವಾಖಾನೆಗೆ ಹೋಗಿ, ಇವತ್ತೇ ಹೋಗಿ ಎಂದರು. ವೈನಿ ಹೊರಗೆ ಬಂದು ಊರಿಗೆ ಫೋನು ಮಾಡಿದಳು. ಅದೇ ತಪ್ಪಾಯಿತು. ಅವ್ವ ಅತ್ತಳು, ಅವ್ವ ಅತ್ತಿದ್ದು ಜನವಾಡದಲ್ಲಿರುವ ಅವಳ ತಮ್ಮನಿಗೆ ಮುಟ್ಟಿತು, ನಾವು ದೊಡ್ಡ ದವಾಖಾನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮಾವ ಬೈಕಿನ ಮೇಲೆ ಬಂದು ನಿಂತಿದ್ದ. ಕೈಯಲ್ಲಿ ಗೋಣಿಚೀಲ. ಚೀಲ ಅಲುಗಾಡುತ್ತಿತ್ತು.

"ಅದರಾಗ ಏನದ ಮಾವ?"

"ಪಾರಿವಾಳ. ಲಕ್ವಾ ಹೊಡದ್ರ ಬಿಸಿ ರಕ್ತ ತಿಕ್ಕಬೇಕು, ಜಲ್ದಿ ತಿಕ್ಕಬೇಕು. ಔಷಧಿ ಕೊಡಾಂವ ನಮ್ಮೂರಾಗ ಕಾಯ್ಲತ್ತಾನ. ಗಾಡಿ ಹತ್ತು."

ನಮ್ಮ ಕಡೆ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದು ಮುಖ ಸೊಟ್ಟಗಾದರೆ ಎಲ್ಲರೂ ಮೊದಲು ಮಾಡುವುದು ಇದನ್ನೇ. ಹೆದರಿದ ನನಗೂ ಅದೇ ಸರಿ ಎನ್ನಿಸಿತು. ರಕ್ತ ತಿಕ್ಕಿದರೆ ಮುಖ ನೆಟ್ಟಗಾಗುವುದಾದರೆ ಪಾರಿವಾಳವೇನು, ನವಿಲೇ ಇರಲಿ. ಬೈಕಿನ ಹಿಂದೆ ಒಂದು ಕಾಲು ಹಾಕಿಯೂ ಬಿಟ್ಟೆ.

ವೈನಿ ನನ್ನ ಅಂಗಿಯ ಕಾಲರು ಹಿಡಿದಳು. "ಹಲ್ಲ ಕೀಳಿಸ್ಕೊಳ್ಳಾಗೂ ಹಿಂಗಾ ಅವಸರ ಮಾಡಿದ್ದಿ. ಇಳಿ ಕೆಳಗ."

"ಏ ಬೇಟಾ, ಟೈಮ್ ಹೋಗ್ಲತ್ತದ!" ಮಾವ ಗಾಡಿ ಚಾಲೂ ಮಾಡಿದ.

"ಮಾವ, ನಿಮ್ಮ ಪಾರಿವಾಳ ಸಂಜಿತನಾ ಜೀವಂತ ಇರ್ತದ. ಮೊದ್ಲು ಡಾಕ್ಟರು ನೋಡ್ಲಿ."

ನಾನು ಇಳಿದೆ, ಧೈರ್ಯದಿಂದಲ್ಲ. ಕಾಲರು ಅವಳ ಕೈಯಲ್ಲಿತ್ತು. ಮಾವ ಗೋಣಿಚೀಲ ತೊಡೆಯ ಮೇಲಿಟ್ಟುಕೊಂಡು ವರಾಂಡದಲ್ಲಿ ಮುಖ ಊದಿಸಿ ಕುಳಿತ.

ಒಳಗಿನ ಡಾಕ್ಟರು ನನ್ನ ಕೈ ಎತ್ತಿಸಿದರು, ಕಾಲು ಎತ್ತಿಸಿದರು, ನಡೆಸಿದರು. ಹುಬ್ಬು ಏರಿಸಿ ಎಂದರು. ಗಂಜಿನಲ್ಲಿ ಬೆಲೆ ಏರಿಸುತ್ತಿದ್ದ ನನ್ನ ಬಲಹುಬ್ಬು ಸತ್ತುಬಿದ್ದಿತ್ತು. ಮಿದುಳಿಗೆ ಹೊಡೆದ ಲಕ್ವಾ ಅಲ್ಲ, ಮುಖದ ನರಕ್ಕೆ ಬಾವು ಬಂದಂತಿದೆ ಎಂದರು. ಯಾಕೆ ಬಂತೆನ್ನುವುದು ಅವರಿಗೆ ಬೇಕಿತ್ತು.

"ಮೈಮ್ಯಾಲ ಏನಾರ ಕಚ್ಚಿತ್ತೇನು, ಇತ್ತೀಚಿಗಿ?"

"ಇಲ್ರಿ."

"ಹುಳ, ಹುಪ್ಪಟಿ?"

"ಏನೂ ಇಲ್ರಿ ಸರ್."

ನಾನು ಸುಳ್ಳು ಹೇಳಲಿಲ್ಲ. ಕುರಿ ಮನೆಯಲ್ಲಿ ಹುಟ್ಟಿದವನಿಗೆ ಕಚ್ಚುವುದೆಂದರೆ ಹಾವು, ಚೇಳು, ನಾಯಿ. ಉಣ್ಣಿ ಆ ಲೆಕ್ಕಕ್ಕೇ ಬರುವುದಿಲ್ಲ. ಕುರಿಯ ಕಿವಿಯಲ್ಲಿ, ಬಗಲಲ್ಲಿ ಕುಳಿತು ರಕ್ತ ಹೀರುವ ಆ ಹುಳ ನಮಗೆ ಕಾಲಿಗೆ ಹತ್ತುವ ಧೂಳಿನಂತೆ. ತುಪ್ಪಟ ಕತ್ತರಿಸುವ ದಿನ ಕುರಿಯ ಮೈಯಿಂದ ಇಳಿದು ನಮ್ಮ ಮೈ ಹತ್ತುತ್ತದೆ, ಹಿಚುಕಿ ಎಸೆಯುತ್ತೇವೆ. ಅದನ್ನು ಡಾಕ್ಟರ ಮುಂದೆ ಹೇಳುವುದೆಂದರೆ ಬೆವರು ಬಂತೆಂದು ದೂರು ಕೊಟ್ಟಹಾಗೆ.

ಡಾಕ್ಟರು ಬಿಡಲಿಲ್ಲ. "ಮನಿ ಕೆಲಸ ಏನು?"

"ಕುರಿ ಅದಾವ್ರಿ."

ಅವರ ಪೆನ್ನು ನಿಂತಿತು. "ಮೈಮ್ಯಾಲ ದುಂಡಗ, ಕೆಂಪಗ, ಅಗಲಾಗಿ ಕಲಿ ಆಗಿತ್ತಾ?"

ನಾನು ಇಲ್ಲ ಎನ್ನುವ ಮೊದಲೇ ವೈನಿ ಎದ್ದು ನಿಂತಳು. "ಆಗಿತ್ರಿ ಸಾಹೇಬ್ರ! ತುಪ್ಪಟ ಕತ್ತರಿಸಿದ ಮ್ಯಾಲ. ಇವನ ಡುಬ್ಬದ ಮ್ಯಾಲ. ನಡುವ ಕೆಂಪು, ಸುತ್ತ ಬಿಳಿ, ಮತ್ತ ಕೆಂಪು. ಊರ ಮಂದಿಗೆಲ್ಲ ಅಂಗಿ ಎತ್ತಿ ತೋರ್ಸ್ಯಾನ ಈ ಹುಚ್ಚ!"

ನಿಜ. ನಾವೆಲ್ಲ ಅದನ್ನು ಹುಳಕಡ್ಡಿ ಎಂದುಕೊಂಡಿದ್ದೆವು. ಕುರಿಗಳಿಗೂ ಆಗುತ್ತದೆ, ನಮಗೂ ಆಗುತ್ತದೆ, ಮುಲಾಮು ಹಚ್ಚುತ್ತೇವೆ. ನಾನಂತೂ ಗಂಜಿನಲ್ಲಿ ಅಂಗಿ ಎತ್ತಿ, ಅದರ ನಡುವಿಗೆ ಕಡಲೆಕಾಳು ಹೊಡೆಯಿರಿ ಎಂದು ಹಮ್ಮಾಲರಿಗೆ ಪಂದ್ಯ ಕಟ್ಟಿದ್ದೆ. ಗುರಿ ತಪ್ಪಿದ ಕಾಳುಗಳೇ ಹೆಚ್ಚು. ಕೆಲವು ದಿನಕ್ಕೆ ಆ ವರ್ತುಲ ತಾನೇ ಮಾಸಿತು. ಮುಲಾಮಿಗೆ ಹೆದರಿ ಓಡಿತೆಂದು ಜಂಬ ಕೊಚ್ಚಿಕೊಂಡಿದ್ದೆ.

"ಅದು ಓಡಿಲ್ಲ," ಎಂದರು ಡಾಕ್ಟರು. "ಒಳಗ ಹೋಗ್ಯಾದ." ಉಣ್ಣಿಯಿಂದ ಬರುವ ಈ ಜಡ್ಡಿಗೆ ಲೈಮ್ ರೋಗ ಎನ್ನುತ್ತಾರಂತೆ. ನಮ್ಮ ಕಡೆ ಬಹಳ ಅಪರೂಪ, ಹಾಗಾಗಿ ಖಾತ್ರಿ ಹೇಳಲಾರೆ, ರಕ್ತ ಪರೀಕ್ಷೆಗೆ ಹೊರಗೆ ಕಳಿಸುತ್ತೇನೆ, ಆದರೆ ಗುಳಿಗೆ ಇವತ್ತೇ ಶುರು ಮಾಡೋಣ ಎಂದರು. ನರಕ್ಕೆ ತಾಗಿದಾಗ ದವಡೆಯೂ ಹಲ್ಲೂ ಹೀಗೆ ಸುಳ್ಳು ನೋವು ತೋರಿಸಬಹುದಂತೆ.

"ಮುಖ ಮತ್ತ ಮೊದ್ಲಿನಂಗ ಆಗ್ತದಾ ಸರ್?" ಆ ದಿನ ಜೋಕಿಲ್ಲದೆ ನಾನಾಡಿದ ಒಂದೇ ಮಾತು ಅದು.

"ಬಹಳ ಮಂದಿಗಿ ಆಗ್ತದ," ಎಂದರು. ಎಲ್ಲರಿಗೂ ಎನ್ನಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಊರಿನ ಮನೆಯಲ್ಲಿ ಕಣ್ಣಿಗೆ ಪಟ್ಟಿ ಅಂಟಿಸಿಕೊಂಡು ಮಲಗುತ್ತಿದ್ದೆ. ಚಹಾ ಬಲಗಡೆಯಿಂದ ಸೋರಿ ಅಂಗಿ ಕುಡಿಯುತ್ತಿತ್ತು. ಗಂಜಿನಲ್ಲಿ ಬೇರೊಬ್ಬ ಸವಾಲು ಕೂಗುತ್ತಿದ್ದ. ಫೋನಿನಲ್ಲಿ ಅವನ ದನಿ ಕೇಳಿ ನನಗೆ ಹಲ್ಲಿಗಿಂತ ಹೆಚ್ಚು ನೋವಾಯಿತು. ದಿನಾ ಬೆಳಿಗ್ಗೆ ವೈನಿ ಕನ್ನಡಿ ಹಿಡಿದು ಎದುರು ಕೂರುತ್ತಿದ್ದಳು. ಹುಬ್ಬು. ಕಣ್ಣು. ಗಲ್ಲ ಉಬ್ಬಿಸು. ಗಲ್ಲದಿಂದ ಗಾಳಿ ಫುಸ್ಸೆಂದು ಹೋಗುತ್ತಿತ್ತು, ಅವಳು ನಗುತ್ತಿರಲಿಲ್ಲ, ಅದೇ ಹೆದರಿಕೆ. ರಕ್ತದ ವರದಿ ಬಂದು ಡಾಕ್ಟರ ಅನುಮಾನ ಸರಿ ಎಂದಿತು. ಮುಖ ಮಾತ್ರ ಏನೂ ಹೇಳಲಿಲ್ಲ. ಮಾವ ಬಂದಾಗಲೆಲ್ಲ "ಪಾರಿವಾಳ ಇನ್ನಾ ಅದ ನೋಡು" ಎಂದು ಹೇಳಿಯೇ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಗಲ್ಲದಲ್ಲಿ ಗಾಳಿ ನಿಂತಿತು. ಸ್ವಲ್ಪವೇ ಹೊತ್ತು. ವೈನಿ ಕನ್ನಡಿ ಕೆಳಗಿಟ್ಟು ಒಳಗೆ ಹೋದಳು; ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿದ್ದವು, ಒಲೆಯ ಹೊಗೆ ಎಂದಳು. ನಮ್ಮ ಮನೆಯಲ್ಲಿರುವುದು ಗ್ಯಾಸು.

ಗುಳಿಗೆ ಮುಗಿದ ಮೇಲೆ ಬೀದರಿನ ಹಲ್ಲಿನ ಡಾಕ್ಟರ ಬಳಿ ಹೋದೆವು. ಖಾಲಿ ಜಾಗಕ್ಕೆ ಏನು ಮಾಡುವುದೆಂದು ಕೇಳಬೇಕಿತ್ತು. ಅದಕ್ಕಿಂತ ಮೊದಲು, ಕೀಳಿ ಎಂದು ನಾನು ಕೈ ಮುಗಿದಿದ್ದ ಹಲ್ಲಿನ ಗತಿ ತಿಳಿಯಬೇಕಿತ್ತು. ಅವರು ಕನ್ನಡಿಯ ಹಿಡಿಯಿಂದ ಅದನ್ನು ಮೆಲ್ಲಗೆ ಬಡಿದರು. ವೈನಿ ಉಸಿರು ಹಿಡಿದಳು. ಇನ್ನೊಮ್ಮೆ, ಜೋರಾಗಿ ಬಡಿದರು.

ಏನೂ ಇಲ್ಲ. ಕಲ್ಲಿನಂತೆ ನಿಂತಿತ್ತು ನನ್ನ ಹಲ್ಲು.

ಆಗ ನಾನು ಬೇಕೆಂದೇ ಕಟ್ಟಡ ಬೀಳುವಂತೆ ಕಿರುಚಿದೆ. ಡಾಕ್ಟರ ಕೈಯಿಂದ ಕನ್ನಡಿ ಹಾರಿತು, ಹೊರಗೆ ಕಾಯುತ್ತಿದ್ದ ರೋಗಿಯೊಬ್ಬ ಎದ್ದು ಮನೆಗೆ ಓಡಿದನಂತೆ. ವೈನಿ ನನ್ನ ಬೆನ್ನಿಗೆ, ಆ ವರ್ತುಲವಿದ್ದ ಜಾಗಕ್ಕೇ ಗುರಿಯಿಟ್ಟು ಗುದ್ದಿದಳು.

"ಬಾಡ್ಯಾ, ಜೀವ ಹೋಗಿತ್ತಲಾ ನಂದು!"

ಡಾಕ್ಟರು ಮಾತ್ರ ಬೈಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಇನ್ನೊಮ್ಮಿ ಒದರ್ರಿ," ಎಂದರು. "ಬಾಯಿ ಎರಡೂ ಕಡಿ ಸಮ ತೆರೀಲತ್ತದ."